ಜಾಲತಾಣ, ಹೊಸ ಮತದಾರ ಮತ್ತು ಓಟು: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಸಲ ಓಟು ಹಾಕಲಿರುವವರು, ಅವರ ಅಪ್ಪ ಅಮ್ಮ, ಪಾಠ ಹೇಳುವ ಮೇಷ್ಟ್ರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲಿನಿಂದ ಕೊನೆವರೆಗೆ ಓದಲೇಬೇಕು ಅಂತೇನಿಲ್ಲ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ.

ಸುತ್ತಿ ಬಳಸಿ ಬೇಡ. ಸಾಮಾಜಿಕ ಜಾಲತಾಣದಿಂದ ಯುವಜನರ ಓಟು ಜಾಸ್ತಿ ಆಗುತ್ತದಾ, ಇಲ್ವಾ?

ಸ್ವಲ್ಪ ಆಗುತ್ತದೆ. ಅದಕ್ಕೂ ಒಂದು ಷರತ್ತಿದೆ: ಸಂದೇಶದ ಹಿಂದೆ ನಿಮಗೆ ಗೊತ್ತಿರುವ ಮುಖ ಇರಬೇಕು.

ಇದನ್ನು ಅಳೆದು ನೋಡಿದ ದೊಡ್ಡ ಪ್ರಯೋಗ ನಡೆದದ್ದು 2010ರ ನವೆಂಬರ್ 2ರಂದು, ಅಮೆರಿಕದ ಸಂಸತ್ ಚುನಾವಣೆಯ ದಿನ. ಫೇಸ್‌ಬುಕ್ ಅವತ್ತು ಸುಮಾರು 6.1 ಕೋಟಿ ಬಳಕೆದಾರರನ್ನು ಮೂರು ಗುಂಪು ಮಾಡಿತು. ಒಂದು ಗುಂಪಿಗೆ ಏನೂ ತೋರಿಸಲಿಲ್ಲ. ಇನ್ನೊಂದಕ್ಕೆ ಇವತ್ತು ಮತದಾನ ಎಂಬ ಸೂಚನೆ, ಮತಗಟ್ಟೆ ಹುಡುಕುವ ಲಿಂಕ್, ‘ನಾನು ಓಟು ಹಾಕಿದೆ’ ಎನ್ನುವ ಬಟನ್ ತೋರಿಸಿತು. ಎಲ್ಲಕ್ಕಿಂತ ದೊಡ್ಡದಾದ ಮೂರನೇ ಗುಂಪಿಗೆ ಇದರ ಜೊತೆಗೆ ಆ ಬಟನ್ ಒತ್ತಿದ ಗೆಳೆಯರ ಫೋಟೊಗಳೂ ಕಂಡವು. ಆಮೇಲೆ ಸಂಶೋಧಕರು ಸರ್ಕಾರಿ ದಾಖಲೆ ತೆಗೆದು, ಯಾರು ನಿಜವಾಗಿ ಮತ ಹಾಕಿದ್ದಾರೆ ಎಂದು ತಾಳೆ ನೋಡಿದರು. ಬರೀ ಸೂಚನೆ ನೋಡಿದವರಿಗೂ ಏನೂ ನೋಡದವರಿಗೂ ವ್ಯತ್ಯಾಸವೇ ಇರಲಿಲ್ಲ. ಗೆಳೆಯರ ಮುಖ ನೋಡಿದವರು ಮಾತ್ರ ತುಸು ಹೆಚ್ಚು ಸಂಖ್ಯೆಯಲ್ಲಿ ಮತಗಟ್ಟೆಗೆ ಹೋಗಿದ್ದರು.

ಒಟ್ಟು 3.4 ಲಕ್ಷ ಹೆಚ್ಚುವರಿ ಮತ ಬಿತ್ತು ಎನ್ನುವುದು ಅವರ ಅಂದಾಜು. ಅದರಲ್ಲಿ ಸಂದೇಶದಿಂದ ನೇರ ಬಂದದ್ದು ಸುಮಾರು 60 ಸಾವಿರ. ಉಳಿದ 2.8 ಲಕ್ಷ ಒಬ್ಬರಿಂದ ಇನ್ನೊಬ್ಬರಿಗೆ ದಾಟಿ ಬಂದದ್ದು, ಅದೂ ಆಪ್ತರ ನಡುವೆ. ಸುಮ್ನೆ ಫ್ರೆಂಡ್ ಲಿಸ್ಟ್‌ನಲ್ಲಿ ಕೂತಿರುವ ನೂರಾರು ಜನರಿಂದ ಇಂಥ ಪ್ರಭಾವ ಕಾಣಲಿಲ್ಲ. ಇದು ಎಲ್ಲ ವಯಸ್ಸಿನವರ ಲೆಕ್ಕ, ಬರೀ ಯುವಜನರದ್ದಲ್ಲ. ಆದರೂ ಈ ವಿಷಯದಲ್ಲಿ ಇಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಮುಂದಿನ ಎಷ್ಟೋ ಉತ್ತರಗಳು ಇದನ್ನೇ ಆಧರಿಸಿವೆ.

3.4 ಲಕ್ಷ ಓಟು ಅಂದ್ರೆ ‘ಸ್ವಲ್ಪ’ನಾ?

ಕೋಟಿಗಟ್ಟಲೆ ಜನರಿಗೆ ತೋರಿಸಿದ್ದಕ್ಕೆ ಹೋಲಿಸಿದರೆ ಸ್ವಲ್ಪವೇ. ಗೆಳೆಯರ ಮುಖ ನೋಡಿದವರಲ್ಲಿ ಮತದಾನ ಹೆಚ್ಚಿದ್ದು ಶೇ. 0.39ರಷ್ಟು ಅಂಶ ಮಾತ್ರ.

ಅದೇ ದೇಶದ ಮಿಷಿಗನ್ ರಾಜ್ಯದಲ್ಲಿ 2006ರಲ್ಲಿ ಒಂದು ಪ್ರಯೋಗ ನಡೆದಿತ್ತು. ಮನೆಗೆ ಒಂದು ಕಾಗದ ಬರುತ್ತದೆ. ಹಿಂದಿನ ಚುನಾವಣೆಗಳಲ್ಲಿ ನೀವು ಓಟು ಹಾಕಿದ್ರಾ ಇಲ್ವಾ, ನಿಮ್ಮ ಅಕ್ಕಪಕ್ಕದವರು ಹಾಕಿದ್ರಾ ಇಲ್ವಾ ಎಂದು ಅದರಲ್ಲಿ ಅಚ್ಚಾಗಿರುತ್ತದೆ. ಚುನಾವಣೆ ಮುಗಿದ ಮೇಲೆ ಹೊಸ ಪಟ್ಟಿ ಕಳಿಸುತ್ತೇವೆ ಅಂತಲೂ ಇರುತ್ತದೆ. ಈ ಕಾಗದ ಬರದವರಲ್ಲಿ ಶೇ. 29.7 ಜನ ಓಟು ಹಾಕಿದ್ದರೆ, ಬಂದವರಲ್ಲಿ ಶೇ. 37.8 ಜನ ಹಾಕಿದರು. ನೆರೆಯವರ ಕಣ್ಣಿಗೆ ಬೀಳುವ ಮುಜುಗರ ಪರದೆಯ ಮೇಲಿನ ಬಟನ್‌ಗಿಂತ ಎಷ್ಟೋ ಪಟ್ಟು ಜೋರು. (ಹಾಗಂತ ಬೀದಿಯವರ ಮಾನ ಕಳೆಯುವ ಕಾಗದ ಹಂಚಲು ಹೋಗಬೇಡಿ.)

ಆದರೆ ಪರದೆಗೆ ಒಂದು ಅನುಕೂಲ ಇದೆ. ಕಾಗದ ಒಂದೊಂದೇ ಮನೆಗೆ ಹೋಗಬೇಕು, ಬಟನ್ ಒಂದೇ ಬೆಳಿಗ್ಗೆ ಕೋಟಿ ಜನಕ್ಕೆ ಕಾಣುತ್ತದೆ. 2000ರಲ್ಲಿ ಅಮೆರಿಕದ ಅಧ್ಯಕ್ಷ ಯಾರು ಎಂಬುದನ್ನು ನಿರ್ಧರಿಸಿದ ಫ್ಲಾರಿಡಾದ ಅಂತರ ಬರೀ 537 ಮತ. ಅಂಥ ಹೊತ್ತಿನಲ್ಲಿ ‘ಸ್ವಲ್ಪ’ವೇ ಎಲ್ಲ.

ದೊಡ್ಡ ತಾರೆಯೊಬ್ಬರು ‘ಓಟು ಹಾಕಿ’ ಅಂತ ಪೋಸ್ಟ್ ಮಾಡಿದರೆ?

ಹೆಸರು ಸೇರಿಸುವ ಹಂತದಲ್ಲಿ ಇದು ಕೆಲಸ ಮಾಡುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಇನ್‌ಸ್ಟಾಗ್ರಾಂನಲ್ಲಿ ಹಾಕಿದ ಲಿಂಕ್ ಒತ್ತಿ, 24 ಗಂಟೆಯಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ಅಮೆರಿಕದ ಸರ್ಕಾರಿ ಮತದಾರರ ತಾಣಕ್ಕೆ ಹೋದರು. ಗಮನಿಸಿ, ಇದು ತಾಣಕ್ಕೆ ಹೋದವರ ಲೆಕ್ಕ. ಎಲ್ಲರೂ ಹೆಸರು ಸೇರಿಸಿದರು ಅಂತಲ್ಲ, ಓಟು ಹಾಕಿದರು ಅಂತಂತೂ ಅಲ್ಲವೇ ಅಲ್ಲ. ಸುದ್ದಿ ಮಾಡುವವರು ಈ ಮೂರನ್ನೂ ಕಲಸಿಬಿಡುತ್ತಾರೆ.

ಬ್ರೆಜಿಲ್ ಉದಾಹರಣೆ ಇನ್ನೂ ಚೆನ್ನಾಗಿದೆ. ಅಲ್ಲಿ 16-17 ವಯಸ್ಸಿನವರು ಓಟು ಹಾಕಬಹುದು, ಆದರೆ ಕಡ್ಡಾಯವಿಲ್ಲ. 2022ರಲ್ಲಿ ಚುನಾವಣಾ ನ್ಯಾಯಮಂಡಳಿ ಪ್ರಚಾರಕ್ಕಿಳಿಯಿತು, ಗಾಯಕಿ ಅನಿತ್ತಾ ಸೇರಿದಂತೆ ಹಲವು ತಾರೆಯರು ದನಿಗೂಡಿಸಿದರು. ಜನವರಿಯಿಂದ ಏಪ್ರಿಲ್‌ವರೆಗೆ 16ರಿಂದ 18 ವಯಸ್ಸಿನ 20 ಲಕ್ಷಕ್ಕೂ ಹೆಚ್ಚು ಹೊಸಬರು ಪಟ್ಟಿ ಸೇರಿದರು. ಕೊನೆಯ ದಿನಾಂಕ ಹತ್ತಿರವಿತ್ತು, ಮಾಡಬೇಕಾದ ಕೆಲಸ ಒಂದೇ ಇತ್ತು, ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮುಗಿಸಬಹುದಿತ್ತು. ತಾರೆಯ ಮಾತು ಹೀಗೆ ಒಂದು ಸಣ್ಣ ಕೆಲಸಕ್ಕೆ ಅಂಟಿಕೊಂಡಾಗ ಫಲ ಕೊಡುತ್ತದೆ. ‘ದೇಶ ಬದಲಾಯಿಸಿ’ ಎಂದು ಕೂಗುವ ರೀಲ್‌ನಿಂದ ಯಾರೂ ಅರ್ಜಿ ತುಂಬುವುದಿಲ್ಲ.

ಲೈಕ್, ಶೇರ್, ಹ್ಯಾಶ್‌ಟ್ಯಾಗ್ ಇವೆಲ್ಲ ರಾಜಕೀಯದಲ್ಲಿ ಭಾಗವಹಿಸಿದ ಹಾಗಾ?

‘ಲೈಕ್ ಒತ್ತಿ ಮಲಗುವ ಪೀಳಿಗೆ’ ಅಂತ ಹಿರಿಯರು ಬೈಯುವುದು ಹಳೇ ರೂಢಿ. ಎಲ್ಲ ಸಲ ಆ ಬೈಗುಳ ನ್ಯಾಯವಲ್ಲ.

ಕೀನ್ಯಾದಲ್ಲಿ 2024ರ ಜೂನ್‌ನಲ್ಲಿ ಏನಾಯಿತು ನೋಡಿ. ಸರ್ಕಾರ ಹೊಸ ತೆರಿಗೆಗಳ ಹಣಕಾಸು ಮಸೂದೆ ತಂದಿತು. ಸಾಮಾನ್ಯವಾಗಿ ಅಂಥದ್ದನ್ನು ಯಾರು ಓದುತ್ತಾರೆ? ಅಲ್ಲಿನ ಹುಡುಗ ಹುಡುಗಿಯರು ಓದಿದರು. ಟಿಕ್‌ಟಾಕ್‌ನಲ್ಲಿ ಒಂದೊಂದೇ ಕಲಮು ಬಿಡಿಸಿ ಹೇಳಿದರು, ಸ್ಥಳೀಯ ಭಾಷೆಗಳಿಗೆ ತಂದರು, ಸಂಸದರ ಫೋನ್ ನಂಬರ್ ಹಂಚಿ ಕರೆ ಮಾಡಿಸಿದರು. ಆಮೇಲೆ ಬೀದಿಗೂ ಇಳಿದರು. ಜೂನ್ 25ರಂದು ಪ್ರತಿಭಟನೆಕಾರರು ಸಂಸತ್ತಿಗೆ ನುಗ್ಗಿದರು, ಗುಂಡಿಗೆ ಜೀವಗಳು ಹೋದವು. ಮರುದಿನ ಅಧ್ಯಕ್ಷ ವಿಲಿಯಂ ರೂಟೊ ಮಸೂದೆಗೆ ಸಹಿ ಹಾಕುವುದಿಲ್ಲ ಎಂದರು. ಇದನ್ನು ಸೋಮಾರಿ ರಾಜಕೀಯ ಅನ್ನಲು ಸಾಧ್ಯವಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ನನ್ನ ಪ್ರಕಾರ, ಹಂಚಿದ್ದನ್ನು ನೋಡಿದವರಿಗೆ ಮುಂದೆ ಏನು ಮಾಡಬೇಕು ಅಂತ ತಿಳಿಯಿತಾ ಎನ್ನುವುದರಲ್ಲಿದೆ. ಬರೀ ಸಿಟ್ಟು ಹಂಚಿದರೆ ಸಿಟ್ಟು ಅಲ್ಲೇ ಕರಗುತ್ತದೆ.

ಬೀದಿಗೆ ಇಳಿಯುವಷ್ಟು ಹುರುಪು ಮತಗಟ್ಟೆಗೆ ಹೋಗಲು ಯಾಕೆ ಇರುವುದಿಲ್ಲ?

ಎರಡೂ ಬೇರೆ ಥರದ ಕೆಲಸ. ಪ್ರತಿಭಟನೆಗೆ ಹೆಸರು ನೋಂದಣಿ ಬೇಡ, ವಿಳಾಸದ ಪುರಾವೆ ಬೇಡ, ಗೆಳೆಯರ ದಂಡು ಜೊತೆಗಿರುತ್ತದೆ. ಓಟಿಗೆ ಮುಂಚೆಯೇ ಪಟ್ಟಿಯಲ್ಲಿ ಹೆಸರಿರಬೇಕು. ಓದಿಗೋ ಕೆಲಸಕ್ಕೋ ಊರು ಬಿಟ್ಟವರ ಹೆಸರು ಒಂದು ಕಡೆ, ಅವರು ಇನ್ನೊಂದು ಕಡೆ. ಯುವಜನರೇ ಜಾಸ್ತಿ ಊರು ಬದಲಾಯಿಸುವವರು, ಅಲ್ವಾ?

ನೇಪಾಳ ಇದಕ್ಕೆ ಒಳ್ಳೆಯ ಉದಾಹರಣೆ. 2025ರ ಸೆಪ್ಟೆಂಬರ್ 4ರಂದು ಸರ್ಕಾರ 26 ಜಾಲತಾಣಗಳನ್ನು ಬಂದ್ ಮಾಡಿತು. ಭ್ರಷ್ಟಾಚಾರದ ಮೇಲೆ ಮೊದಲೇ ಕುದಿಯುತ್ತಿದ್ದ ಯುವಜನ 8ರಂದು ಬೀದಿಗಿಳಿದರು. 9ರಂದು ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಟ್ಟರು. ಮುಂದಿನ ಹಂಗಾಮಿ ಪ್ರಧಾನಿ ಯಾರಾಗಬೇಕು ಎಂದು ಡಿಸ್ಕಾರ್ಡ್ ಆ್ಯಪ್‌ನಲ್ಲಿ ಚರ್ಚೆ, ಮತ ಎಲ್ಲ ನಡೆಯಿತು. ಅಲ್ಲಿ ಮುಂದೆ ಬಂದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಸುಶೀಲಾ ಕಾರ್ಕಿ 12ರಂದು ಪ್ರಮಾಣವಚನ ತೆಗೆದುಕೊಂಡರು. ಬೀದಿಗಿಳಿದ ಒಂದು ವಾರದೊಳಗೆ ಇಷ್ಟೆಲ್ಲ! ಆದರೆ ಸಂಸತ್ತಿನ ಚುನಾವಣೆಗೆ 2026ರ ಮಾರ್ಚ್ 5 ಅಂತ ದಿನ ಇಟ್ಟರು, ಹೊಸ ಮತದಾರರ ಹೆಸರು ಸೇರಿಸಲು ಸುಗ್ರೀವಾಜ್ಞೆಯೇ ಬೇಕಾಯಿತು. ಸರ್ಕಾರ ಬೀಳಿಸಿದವರಿಗೂ ಮತದಾರರ ಪಟ್ಟಿಯ ಕೆಲಸ ತಪ್ಪಲಿಲ್ಲ.

ಆನ್‌ಲೈನ್‌ನಲ್ಲಿ ಅಲೆ ಎದ್ದಿದೆ ಅಂದ್ರೆ ಮತಪೆಟ್ಟಿಗೆಯಲ್ಲೂ ಅಲೆ ಇದೆ ಅಂತಾನಾ?

ಇಲ್ಲ. 2017ರ ಬ್ರಿಟನ್ ಚುನಾವಣೆ ನೆನಪಿಸಿಕೊಳ್ಳಿ. ಯುವಜನರ ‘ಭೂಕಂಪ’ ಎಂದು ಆ ವರ್ಷ ದೊಡ್ಡ ಸದ್ದಾಯಿತು. 2018ರ ಆರಂಭದಲ್ಲಿ ಬ್ರಿಟಿಷ್ ಎಲೆಕ್ಷನ್ ಸ್ಟಡಿ ಎಂಬ ಸಂಶೋಧಕರ ತಂಡದವರು ಲೆಕ್ಕ ಹಾಕಿ, ಯುವಜನರ ಮತದಾನ ಹಾಗೇನೂ ಜಿಗಿದ ಪುರಾವೆ ಇಲ್ಲ ಎಂದರು. ಈ ಲೆಕ್ಕವನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೆ ಟೈಮ್‌ಲೈನ್ ನೋಡಿ ಫಲಿತಾಂಶ ಹೇಳಬಾರದು ಎನ್ನುವುದಂತೂ ಸಾಬೀತಾಯಿತು. ನಮ್ಮ ಫೀಡ್‌ನಲ್ಲಿ ಇರುವುದು ನಮ್ಮಂಥವರೇ.

ನನ್ನ ಫೀಡ್‌ನಲ್ಲಿ ಯಾವ ರಾಜಕೀಯ ಬರಬೇಕು ಅಂತ ಯಾರು ನಿರ್ಧರಿಸುತ್ತಾರೆ?

ಕಂಪನಿ. ನೀವು ಎಲ್ಲಿ ಬೆರಳು ನಿಲ್ಲಿಸುತ್ತೀರಿ, ಏನನ್ನು ಎರಡನೇ ಸಲ ನೋಡುತ್ತೀರಿ, ಯಾವುದಕ್ಕೆ ಕಾಮೆಂಟ್ ಹಾಕುತ್ತೀರಿ ಎಂಬುದನ್ನು ನೋಡಿ ಮುಂದಿನದ್ದನ್ನು ಆರಿಸುವ ಲೆಕ್ಕಾಚಾರ, ಅಂದ್ರೆ ಅಲ್ಗಾರಿದಂ, ಬರೆದವರು ಅವರೇ. ನೀವು ಆರಿಸುತ್ತಿದ್ದೀರಿ ಎಂಬ ಭಾವನೆ ಇರುತ್ತದೆ. ಆದರೆ ಯಾವುದಕ್ಕೆ ಎಷ್ಟು ಅಂಕ ಎನ್ನುವುದು ನಿಮ್ಮ ಕೈಯಲ್ಲಿಲ್ಲ.

ಫೇಸ್‌ಬುಕ್‌ನ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದಾಗ ಒಂದು ಸಂಗತಿ ತಿಳಿಯಿತು. 2017ರಿಂದ ಅಲ್ಲಿ ಸಿಟ್ಟಿನ ಮುಖದ ಎಮೋಜಿಗೆ ಒಂದು ಲೈಕ್‌ನ ಐದು ಪಟ್ಟು ಬೆಲೆ ಇತ್ತು. ಬೇರೆ ಎಮೋಜಿಗಳಿಗೂ ಅಷ್ಟೇ ಇತ್ತು, ನಿಜ. ಆದರೆ ಸಿಟ್ಟು ತರಿಸುವ ಪೋಸ್ಟ್‌ಗಳ ಜೊತೆ ಸುಳ್ಳು, ವಿಷ ಜಾಸ್ತಿ ಬರುತ್ತದೆ ಎಂದು ಅವರ ಸಿಬ್ಬಂದಿಯೇ ಎಚ್ಚರಿಸಿದ್ದರು. ಕೊನೆಗೆ 2020ರಲ್ಲಿ ಸಿಟ್ಟಿನ ಅಂಕವನ್ನು ಸೊನ್ನೆಗೆ ಇಳಿಸಿದರು. ಅಲ್ಲಿಯವರೆಗೆ ಜಗತ್ತಿನ ಎಷ್ಟು ಚುನಾವಣೆ ಮುಗಿದಿದ್ದವೋ!

ಇನ್ನೊಂದು: 2024ರ ಫೆಬ್ರವರಿಯಲ್ಲಿ, ನೀವು ಫಾಲೋ ಮಾಡದ ಖಾತೆಗಳ ರಾಜಕೀಯ ಪೋಸ್ಟ್‌ಗಳನ್ನು ತಾನಾಗಿ ತೋರಿಸುವುದಿಲ್ಲ ಎಂದು ಇನ್‌ಸ್ಟಾಗ್ರಾಂ ಹೇಳಿತು. ಬೇಕಾದರೆ ನೀವೇ ಸೆಟ್ಟಿಂಗ್ಸ್ ಬದಲಾಯಿಸಬೇಕಿತ್ತು. 2025ರ ಜನವರಿಯಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡರ ಒಡೆಯ ಕಂಪನಿ ಮೆಟಾ ಅದನ್ನು ತಿರುಗಿಸಿ ಹಾಕಿತು. ಕೋಟ್ಯಂತರ ಯುವಜನ ರಾಜಕೀಯವನ್ನು ಎಷ್ಟು ನೋಡಬೇಕು ಎಂಬುದು ಒಂದು ಕಂಪನಿಯ ಒಂದು ಪ್ರಕಟಣೆಯಿಂದ ಬದಲಾಯಿತು. ಯಾವ ಸಂಸತ್ತಿನಲ್ಲೂ ಇದರ ಮೇಲೆ ಮತದಾನ ನಡೆಯಲಿಲ್ಲ.

ಅಲ್ಗಾರಿದಂ ಕಿತ್ತು ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತೀರಾ? 2020ರ ಅಮೆರಿಕ ಚುನಾವಣೆಯ ವೇಳೆ ಸಂಶೋಧಕರು ಕೆಲವು ಬಳಕೆದಾರರಿಗೆ ಬರೀ ಸಮಯದ ಕ್ರಮದ ಫೀಡ್ ಕೊಟ್ಟು ನೋಡಿದರು. ಅವರು ಆ್ಯಪ್‌ನಲ್ಲಿ ಕಳೆಯುವ ಸಮಯ ಕಡಿಮೆ ಆಯಿತು. ಆದರೆ ಅವರಿಗೆ ಕಂಡ ರಾಜಕೀಯ ವಿಷಯ ಹೆಚ್ಚಾಯಿತು, ನಂಬಲಾಗದ ಮೂಲಗಳೂ ಹೆಚ್ಚಾದವು. ಮೂರು ತಿಂಗಳಲ್ಲಿ ರಾಜಕೀಯ ನಿಲುವು ಹೆಚ್ಚೇನೂ ಬದಲಾಗಲಿಲ್ಲ.

ಚುನಾವಣೆ ಮುಗಿಯುವವರೆಗೆ ಆ್ಯಪ್ ತೆಗೆದುಹಾಕಿದರೆ ಒಳ್ಳೆಯದಾ?

ಮನಸ್ಸಿಗೆ ಒಳ್ಳೆಯದಾಗಬಹುದು. 2018ರ ಅಮೆರಿಕ ಚುನಾವಣೆಗೆ ಮುಂಚೆ ನಾಲ್ಕು ವಾರ ಫೇಸ್‌ಬುಕ್ ಬಿಟ್ಟವರು ತುಸು ನೆಮ್ಮದಿಯಾಗಿದ್ದರು, ರಾಜಕೀಯ ವಿಷಯಗಳಲ್ಲಿ ಎರಡು ಪಕ್ಷದವರ ನಿಲುವಿನ ನಡುವಿನ ಅಂತರವೂ ತುಸು ಇಳಿಯಿತು. ಆದರೆ ಸುದ್ದಿಯ ತಿಳಿವಳಿಕೆಯೂ ಕಡಿಮೆಯಾಯಿತು. 2020ರಲ್ಲಿ ಆರು ವಾರ ಬಿಡಿಸಿ ನೋಡಿದಾಗ ಆನ್‌ಲೈನ್ ರಾಜಕೀಯ ಚಟುವಟಿಕೆ ಇಳಿಯಿತು, ಮತದಾನ ಮಾತ್ರ ಗಮನಿಸುವಷ್ಟು ಏರಲೂ ಇಲ್ಲ, ಇಳಿಯಲೂ ಇಲ್ಲ. ಬಿಡುವುದಾದರೆ ಸುದ್ದಿಗೆ ಬೇರೆ ದಾರಿ ಇಟ್ಟುಕೊಂಡು ಬಿಡಿ.

ಡ್ಯಾನ್ಸ್ ಮಾಡಿ, ರೀಲ್ ಹಾಕಿ ಗೆಲ್ಲುವ ಕಾಲ ಬಂತಾ?

ಇಂಡೊನೇಷ್ಯಾದಲ್ಲಿ 2024ರ ಫೆಬ್ರವರಿಯಲ್ಲಿ ಪ್ರಬೋವೊ ಸುಬಿಯಾಂತೊ ಗೆದ್ದರು. ಮಾಜಿ ಸೇನಾಧಿಕಾರಿ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಹೊತ್ತವರು, ಅದಕ್ಕೆ ಮುಂಚೆ ಎರಡು ಸಲ ಅಧ್ಯಕ್ಷ ಚುನಾವಣೆ ಸೋತವರು. ಈ ಸಲ ಟಿಕ್‌ಟಾಕ್‌ನಲ್ಲಿ ಮುದ್ದು ಮುದ್ದಾಗಿ ಕುಣಿಯುವ ಅಜ್ಜನಾಗಿ ಬಂದರು. ಅರ್ಧಕ್ಕಿಂತ ಹೆಚ್ಚು ಮತದಾರರು ಚಿಕ್ಕ ವಯಸ್ಸಿನವರು, ಹಳೆಯದನ್ನು ಕಣ್ಣಾರೆ ಕಂಡವರಲ್ಲ. ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ಆಗಿನ ಅಧ್ಯಕ್ಷರ ಮಗನೇ ಅವರ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಆದರೂ ಹಳೇ ಕಡತವನ್ನು ಒಂದು ಕುಣಿತ ಹೀಗೆ ಮುಚ್ಚಬಹುದು ಎನ್ನುವುದು ನನಗೆ ಆತಂಕದ ವಿಷಯವೇ.

ಬೇರೆ ಥರದ ಉದಾಹರಣೆಗಳೂ ಇವೆ. ಜರ್ಮನಿಯಲ್ಲಿ 2025ರ ಜನವರಿಯಲ್ಲಿ ಎಡಪಕ್ಷದ ಹೈಡಿ ರೈಖಿನೆಕ್ ಸಂಸತ್ತಿನಲ್ಲಿ ಮಾಡಿದ ಸಿಟ್ಟಿನ ಭಾಷಣ ಟಿಕ್‌ಟಾಕ್‌ನಲ್ಲಿ ಹರಿದಾಡಿತು. ಮರುತಿಂಗಳ ಚುನಾವಣೆಯಲ್ಲಿ ಆ ಪಕ್ಷಕ್ಕೆ ಒಟ್ಟು ಸಿಕ್ಕಿದ್ದು ಶೇ. 8.8, ಆದರೆ 18-24 ವಯಸ್ಸಿನವರಲ್ಲಿ ಸುಮಾರು ಶೇ. 25. ನ್ಯೂಯಾರ್ಕ್ ನಗರದ ಮೇಯರ್ ಆಗಿ 2025ರ ನವೆಂಬರ್‌ನಲ್ಲಿ ಗೆದ್ದ ಜೊಹ್ರಾನ್ ಮಮ್ದಾನಿ ಅವರ ಕಿರು ವಿಡಿಯೊಗಳ ಬಗ್ಗೆ ಎಲ್ಲರೂ ಬರೆದರು. ಅವರಿಗಾಗಿ ಮನೆ ಮನೆ ಬಾಗಿಲು ತಟ್ಟಿದ ಸಾವಿರಾರು ಸ್ವಯಂಸೇವಕರ ಬಗ್ಗೆ ಅಷ್ಟು ಬರೆಯಲಿಲ್ಲ. ಆ ಚುನಾವಣೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಮತ ಬಿತ್ತು, 1969ರ ನಂತರ ಅಷ್ಟು ಬಿದ್ದಿರಲಿಲ್ಲ. ವಿಡಿಯೊ ನೋಡಿ ಬಂದವರನ್ನು ಬಾಗಿಲು ತಟ್ಟಲು ಕಳಿಸಿದ್ದೇ ಅಲ್ಲಿನ ಜಾಣತನ.

ಸುಳ್ಳು ಸುದ್ದಿಯನ್ನು ಗುರುತಿಸುವುದು ಹೇಗೆ?

ಮೊದಲು ಸುಳ್ಳಿನ ಸ್ವಭಾವ ಗೊತ್ತಿರಲಿ. ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುದ್ದಿಗಳನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಪರಿಶೀಲಿಸಿದ್ದರು. ಸುಳ್ಳು ರೀಟ್ವೀಟ್ ಆಗುವ ಸಾಧ್ಯತೆ ನಿಜಕ್ಕಿಂತ ಶೇ. 70 ಹೆಚ್ಚು. ಇದಕ್ಕೆ ಕಾರಣ ಬಾಟ್‌ಗಳಿಗಿಂತ (ತಾನಾಗಿ ಪೋಸ್ಟ್ ಮಾಡುವ ಯಂತ್ರ ಖಾತೆಗಳಿಗಿಂತ) ಮನುಷ್ಯರೇ. ಸುಳ್ಳು ಹೊಸದಾಗಿರುತ್ತದೆ, ಅಚ್ಚರಿ ಹುಟ್ಟಿಸುತ್ತದೆ. ಹಾಗಾಗಿ ‘ಅಯ್ಯೋ, ಇದು ಗೊತ್ತೇ ಇರಲಿಲ್ಲ’ ಅನ್ನಿಸಿದ ಕ್ಷಣವೇ ಕೈ ತಡೆಯಬೇಕಾದ ಕ್ಷಣ.

ಆ ಪೋಸ್ಟನ್ನೇ ದಿಟ್ಟಿಸಿ ನೋಡಿ ಪ್ರಯೋಜನ ಕಡಿಮೆ. ವೃತ್ತಿಯಲ್ಲೇ ಸುದ್ದಿ ಪರಿಶೀಲಿಸುವವರು ಪುಟ ಬಿಟ್ಟು ಹೊರಗೆ ಬರುತ್ತಾರೆ. ಹೊಸ ಟ್ಯಾಬ್ ತೆರೆದು ಇದನ್ನು ಹೇಳಿದವರು ಯಾರು, ಬೇರೆಯವರು ಏನು ಹೇಳುತ್ತಾರೆ ಎಂದು ಹುಡುಕುತ್ತಾರೆ.

ಅತಿ ಅಪಾಯದ ಸುಳ್ಳು ಯಾವುದು ಗೊತ್ತಾ? ನಾಯಕರ ಬಗೆಗಿನದ್ದಲ್ಲ, ಓಟು ಹಾಕುವ ವಿಧಾನದ ಬಗೆಗಿನದ್ದು. 2016ರಲ್ಲಿ ಅಮೆರಿಕದಲ್ಲಿ ‘ಸಾಲಿನಲ್ಲಿ ನಿಲ್ಲಬೇಡಿ, ಮೆಸೇಜ್ ಕಳಿಸಿ ಓಟು ಹಾಕಿ’ ಎಂಬ ಚಿತ್ರಗಳು ಓಡಾಡಿದ್ದವು. ಹಾಗೆ ಓಟು ಹಾಕಲು ಅಲ್ಲಿ ಆಗುವುದೇ ಇಲ್ಲ. ಮೊದಲ ಸಲದವರು ಇಂಥದ್ದನ್ನು ನಂಬುವುದು ಸುಲಭ. ದಿನ, ಸಮಯ, ಜಾಗ, ಬೇಕಾದ ದಾಖಲೆ ಇಷ್ಟನ್ನು ಚುನಾವಣಾ ಆಯೋಗದ ಅಧಿಕೃತ ತಾಣದಲ್ಲಿ ಮಾತ್ರ ನೋಡಿ.

ಡೀಪ್‌ಫೇಕ್ (ಕಂಪ್ಯೂಟರ್‌ನಿಂದ ಸೃಷ್ಟಿಸಿದ ನಕಲಿ ದನಿ, ವಿಡಿಯೊ) ಬರುವ ಹೊತ್ತನ್ನೂ ಗಮನಿಸಿ. ಸ್ಲೊವಾಕಿಯಾದಲ್ಲಿ 2023ರ ಸೆಪ್ಟೆಂಬರ್ 30ಕ್ಕೆ ಮತದಾನ. ಅದಕ್ಕೆ ಎರಡೇ ದಿನ ಮುಂಚೆ, ಪ್ರೊಗ್ರೆಸಿವ್ ಸ್ಲೊವಾಕಿಯಾ ಪಕ್ಷದ ನಾಯಕ ಮಿಖಾಲ್ ಶಿಮೆಚ್ಕಾ ಚುನಾವಣೆ ಅಕ್ರಮದ ಬಗ್ಗೆ ಮಾತಾಡುವಂತಿದ್ದ ನಕಲಿ ಆಡಿಯೊ ಹೊರಬಂತು. ಪ್ರಚಾರ ನಿಲ್ಲಿಸಬೇಕಾದ ಮೌನದ ಅವಧಿಯದು. ಅವರ ಪಕ್ಷ ಎರಡನೇ ಸ್ಥಾನಕ್ಕೆ ಬಂತು. ಆಡಿಯೊದಿಂದಲೇ ಹಾಗಾಯಿತು ಅಂತ ಯಾರೂ ಸಾಬೀತು ಮಾಡಿಲ್ಲ. ಆದರೆ ಕೊನೆ ಎರಡು ದಿನದಲ್ಲಿ ಬರುವ ‘ಸ್ಫೋಟಕ’ ಆಡಿಯೊವನ್ನು ಸುಳ್ಳು ಅಂದುಕೊಂಡೇ ಶುರು ಮಾಡುವುದು ಕ್ಷೇಮ.

ಟಿಕ್‌ಟಾಕ್‌ನಿಂದಾಗಿ ಒಂದು ಚುನಾವಣೆಯೇ ರದ್ದಾಯಿತಂತೆ, ನಿಜವಾ?

ರೊಮೇನಿಯಾದಲ್ಲಿ 2024ರ ನವೆಂಬರ್ 24ರಂದು ನಡೆದ ಅಧ್ಯಕ್ಷ ಚುನಾವಣೆಯ ಮೊದಲ ಸುತ್ತಿನಲ್ಲಿ ಕಲಿನ್ ಜಾರ್ಜೆಸ್ಕು ಸುಮಾರು ಶೇ. 23 ಮತ ಪಡೆದು ಮೊದಲು ಬಂದರು. ಸಮೀಕ್ಷೆಗಳಲ್ಲಿ ಅವರು ಲೆಕ್ಕಕ್ಕೇ ಇರಲಿಲ್ಲ, ಪ್ರಚಾರಕ್ಕೆ ಏನೂ ಖರ್ಚು ಮಾಡಿಲ್ಲ ಎಂದು ಹೇಳಿಕೊಂಡಿದ್ದರು. ಟಿಕ್‌ಟಾಕ್‌ನಲ್ಲಿ ಸಾವಿರಾರು ಖಾತೆಗಳು ಒಟ್ಟಾಗಿ ಅವರನ್ನು ಮೇಲೆತ್ತಿವೆ ಎಂದು ಗುಪ್ತಚರ ವರದಿಗಳು ಹೇಳಿದವು. ಡಿಸೆಂಬರ್ 6ರಂದು ಸಂವಿಧಾನ ನ್ಯಾಯಾಲಯ ಚುನಾವಣೆಯನ್ನೇ ರದ್ದು ಮಾಡಿತು. 2025ರ ಮೇ ತಿಂಗಳಲ್ಲಿ ಮತ್ತೆ ನಡೆದಾಗ ನಿಕುಶೋರ್ ದಾನ್ ಗೆದ್ದರು.

ಖಾತೆಗಳು ನಕಲಿ ಇರಬಹುದು, ಓಟು ಹಾಕಿದ 20 ಲಕ್ಷಕ್ಕೂ ಹೆಚ್ಚು ಜನ ನಕಲಿ ಅಲ್ಲ. ಹಳೇ ಪಕ್ಷಗಳ ಮೇಲಿನ ಅವರ ಬೇಸರ ನಿಜವಾದದ್ದು. ಅದನ್ನು ನೋಡದೆ ಎಲ್ಲವನ್ನೂ ಆ್ಯಪ್ ಮೇಲೆ ಹೊರಿಸುವುದು ರಾಜಕಾರಣಿಗಳಿಗೆ ಅನುಕೂಲ.

ನನ್ನ ಮಾಹಿತಿ ಕದ್ದು ನನ್ನ ಓಟು ತಿರುಗಿಸಬಹುದಾ?

ಮಾಹಿತಿ ತೆಗೆದದ್ದಂತೂ ನಿಜ. ಕೇಂಬ್ರಿಡ್ಜ್ ಅನಲಿಟಿಕಾ ಎಂಬ ರಾಜಕೀಯ ಸಲಹಾ ಕಂಪನಿಯ ಪ್ರಕರಣದಲ್ಲಿ, ಫೇಸ್‌ಬುಕ್‌ನಲ್ಲಿ ಒಂದು ಆ್ಯಪ್ ಹಾಕಿಕೊಂಡ ಸುಮಾರು 2.7 ಲಕ್ಷ ಜನರ ಮೂಲಕ ಅವರ ಸ್ನೇಹಿತರೂ ಸೇರಿ 8.7 ಕೋಟಿ ಜನರವರೆಗೆ ಮಾಹಿತಿ ಹೋಗಿತ್ತು. 2018ರಲ್ಲಿ ಬಯಲಾಯಿತು. ಅದರಿಂದ ಓಟು ತಿರುಗಿತು ಎನ್ನುವುದಕ್ಕೆ ಮಾತ್ರ ಗಟ್ಟಿ ಪುರಾವೆ ಸಿಕ್ಕಿಲ್ಲ. ಮನಸ್ಸು ಓದುವ ಮಾಯಾಜಾಲ ಎಂದು ಹೇಳಿಕೊಂಡವರು ಆ ಸೇವೆ ಮಾರುತ್ತಿದ್ದವರೇ.

ಹುಡುಗಿಯರು ರಾಜಕೀಯದ ಬಗ್ಗೆ ಬರೆಯಲು ಯಾಕೆ ಹಿಂಜರಿಯುತ್ತಾರೆ?

ಕಾಮೆಂಟ್ ಓದಿದರೆ ಗೊತ್ತಾಗುತ್ತದೆ. ಅಂತರ ಸಂಸದೀಯ ಒಕ್ಕೂಟ 2016ರಲ್ಲಿ 55 ಮಹಿಳಾ ಸಂಸದರನ್ನು ಮಾತಾಡಿಸಿತ್ತು. ಶೇ. 44ರಷ್ಟು ಮಂದಿಗೆ ಕೊಲೆ, ಅತ್ಯಾಚಾರ, ಹಲ್ಲೆ ಅಥವಾ ಅಪಹರಣದ ಬೆದರಿಕೆ ಬಂದಿತ್ತು. ಅಧಿಕಾರ ಇದ್ದವರಿಗೇ ಹೀಗಾದರೆ ಇದನ್ನೆಲ್ಲ ನೋಡುವ ಹದಿನೆಂಟರ ಹುಡುಗಿ ಸುಮ್ಮನಿರುವುದನ್ನೇ ಆರಿಸುತ್ತಾಳೆ. ಹಾಗಾಗಿ ಯಾರು ಬರೆಯುತ್ತಿಲ್ಲವೋ ಅವರಿಗೆ ಆಸಕ್ತಿ ಇಲ್ಲ ಎಂದು ತೀರ್ಮಾನಿಸಬೇಡಿ. ನಿಮ್ಮ ಗುಂಪಿನಲ್ಲಿ ಯಾರಾದರೂ ಇಂಥ ದಾಳಿಗೆ ಸಿಕ್ಕರೆ ರಿಪೋರ್ಟ್ ಮಾಡಿ, ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಅವರ ಪರವಾಗಿ ಒಂದು ಮಾತು ಬರೆಯಿರಿ.

ಮಗ ಬರೀ ಮೀಮ್ ನೋಡುತ್ತಾನೆ. ಅದರಲ್ಲಿ ರಾಜಕೀಯ ಏನು ಕಲಿತಾನು?

ಸ್ವಲ್ಪ ಕಲಿತಾನೆ. ನಗು ಬಂದರೆ ಹಿಂದಿನ ಸುದ್ದಿ ಗೊತ್ತಿದೆ ಅಂತರ್ಥ. ರಾಯಿಟರ್ಸ್ ಸಂಸ್ಥೆಯ 2025ರ ಡಿಜಿಟಲ್ ಸುದ್ದಿ ವರದಿಯಲ್ಲಿ 18-24 ವಯಸ್ಸಿನ ಶೇ. 44 ಜನ ಜಾಲತಾಣ ಮತ್ತು ವಿಡಿಯೊ ತಾಣಗಳೇ ತಮ್ಮ ಮುಖ್ಯ ಸುದ್ದಿಮೂಲ ಎಂದಿದ್ದಾರೆ. ಬೈಯುವ ಬದಲು ‘ಇದು ಯಾವ ವಿಷಯದ್ದು?’ ಅಂತ ಕೇಳಿ. ಮಾತು ಅಲ್ಲಿಂದ ಬೆಳೆಯುತ್ತದೆ.

16 ವರ್ಷಕ್ಕೇ ಓಟು ಕೊಟ್ಟರೆ ಜಾಲತಾಣ ಹೇಳಿದಂತೆ ಹಾಕುವುದಿಲ್ವಾ?

ಆಸ್ಟ್ರಿಯಾ 2007ರಲ್ಲೇ ಕೊಟ್ಟಿತು. ಅಲ್ಲಿನ ಅಧ್ಯಯನದಲ್ಲಿ 16-17ರವರ ಮತದಾನ 18-20ರವರಿಗಿಂತ ಹೆಚ್ಚಿತ್ತು. ಆ ವಯಸ್ಸಿನವರು ಇನ್ನೂ ಮನೆಯಲ್ಲಿರುತ್ತಾರೆ, ಶಾಲೆಯಲ್ಲಿರುತ್ತಾರೆ, ಜೊತೆಗೆ ಕರೆದುಕೊಂಡು ಹೋಗುವವರು ಇರುತ್ತಾರೆ. ಇಲ್ಲೂ ಮತ್ತೆ ಪಕ್ಕದಲ್ಲಿರುವ ಮನುಷ್ಯರದ್ದೇ ಕೆಲಸ.

ನನ್ನ ಗೆಳೆಯರಿಂದ ಓಟು ಹಾಕಿಸಬೇಕು. ಏನು ಪೋಸ್ಟ್ ಮಾಡಲಿ?

ಪೋಸ್ಟ್ ಮಾಡುವುದಕ್ಕಿಂತ ಹತ್ತು ಜನಕ್ಕೆ ಬೇರೆ ಬೇರೆಯಾಗಿ ಮೆಸೇಜ್ ಕಳಿಸಿ, ಹೆಸರು ಹಿಡಿದು. ಎಲ್ಲರಿಗೂ ಒಂದೇ ಫಾರ್ವರ್ಡ್ ಬೇಡ. ಹೆಸರು ಸೇರಿಸುವ ಕೊನೆ ದಿನಕ್ಕೆ ಸಾಕಷ್ಟು ಮುಂಚೆ ‘ಪಟ್ಟಿಯಲ್ಲಿ ನಿನ್ನ ಹೆಸರು ನೋಡಿದ್ಯಾ?’ ಅಂತ ಕೇಳಿ, ಅಧಿಕೃತ ಲಿಂಕ್ ಜೊತೆಗಿಡಿ. ಮತದಾನದ ಹಿಂದಿನ ದಿನ ‘ಎಷ್ಟು ಗಂಟೆಗೆ ಹೋಗ್ತೀಯಾ, ಒಟ್ಟಿಗೆ ಹೋಗೋಣ್ವಾ?’ ಎಂದು ಕೇಳಿ. ಗಂಟೆ ಹೇಳಿದವನು ಹೋಗುವ ಸಾಧ್ಯತೆ ಹೆಚ್ಚು.

ಯಾರಿಗೆ ಹಾಕಬೇಕು ಅನ್ನುವ ಚರ್ಚೆಯನ್ನು ಇದರ ಜೊತೆ ಬೆರೆಸಬೇಡಿ. ಜಗಳವಾದರೆ ಅವರು ನಿಮ್ಮ ಜೊತೆ ಬರುವುದೂ ಇಲ್ಲ, ತಾವಾಗಿ ಹೋಗುವುದೂ ಇಲ್ಲ.

ಓಟು ಹಾಕಿದ ಮೇಲೆ ಸೆಲ್ಫಿ ಹಾಕಬಹುದಾ?

ಹಾಕಿ, ಬೇಗ ಹಾಕಿ. ಮಧ್ಯಾಹ್ನದೊಳಗೆ ಹಾಕಿದರೆ ಇನ್ನೂ ಹೊರಡದವರಿಗೆ ಕಾಣುತ್ತದೆ, ಸಂಜೆ ಮುಗಿದ ಮೇಲೆ ಹಾಕಿದರೆ ಬರೀ ಲೈಕ್ ಬರುತ್ತದೆ. ಆದರೆ ಮತಗಟ್ಟೆಯ ಒಳಗೆ ಫೋನ್ ತರುವುದು ಅಥವಾ ಫೋಟೊ ತೆಗೆಯುವುದು ಹಲವು ದೇಶಗಳಲ್ಲಿ ನಿಷಿದ್ಧ. ಗುರುತು ಹಾಕಿದ ಮತಪತ್ರದ ಫೋಟೊ ಹಂಚುವುದು ಎಷ್ಟೋ ಕಡೆ ಅಪರಾಧ. ಹೊರಗೆ ಬಂದು, ಗೇಟು ದಾಟಿ ತೆಗೆಯಿರಿ.